ದೀಪಕ್ಕೆ ಕಟ್ಟಿದ ಬಟ್ಟೆ

ಬೆಟಗೇರಿ
ಬಯಲುಕಾಲದ ಅರವತ್ತೊಂದನೇ ವರ್ಷ, ಹದಿಮೂರನೇ ತಿಂಗಳು, ಒಂಬತ್ತನೇ ದಿನ

ಹಿರಿಯರಾದ ಅನ್ನಪೂರ್ಣಾ ಅವರಿಗೆ ಸಾಂತವ್ವ ಮಾಡುವ ನಮಸ್ಕಾರ.

ಮೇಲಿನ ತಾರೀಖನ್ನು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಕಪ್ಪತಗುಡ್ಡದ ಗಾಳಿಕಂಬಗಳ ರೆಕ್ಕೆ ಇಳಿಸಿ ತೊಳೆಯುವ ಹತ್ತು ದಿನಗಳನ್ನು ನಾವು ಹದಿಮೂರನೇ ತಿಂಗಳು ಎನ್ನುತ್ತೇವೆ. ಆ ಹತ್ತು ದಿನ ಊರಿಗೆ ವಿದ್ಯುತ್ತು ಕಡಿಮೆ, ಮಾತು ಜಾಸ್ತಿ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಂಡಾವು, ಕ್ಷಮಿಸಿ. ಈ ಪತ್ರವನ್ನು ಹಿಂದೋಲೆ ಎನ್ನುತ್ತಾರೆ. ಮನೆಯಲ್ಲಿ ಒಬ್ಬರು ತೀರಿಕೊಂಡರೆ ವರ್ಷ ತುಂಬುವುದರೊಳಗೆ ಉಳಿದವರಲ್ಲಿ ಒಬ್ಬರು, ಬಹಳ ಹಿಂದೆ ಹೋದ ಒಬ್ಬ ಹಿರಿಯರಿಗೆ ಓಲೆ ಬರೆದು ಮಗ್ಗದ ಕುಣಿಯಲ್ಲಿ ಹೂಳಬೇಕು. ಅದು ತಲುಪುತ್ತದೆಂದು ಯಾರೂ ನಂಬುವುದಿಲ್ಲ. ಆದರೂ ಸುಳ್ಳು ಬರೆಯುವ ಹಾಗಿಲ್ಲ.

ತೀರಿಕೊಂಡವರು ನನ್ನ ಅಜ್ಜ ತೋಟಪ್ಪ. ನಿಮ್ಮ ಮಗ ಅಭಿ ಇದ್ದನಲ್ಲ, ಅವನು ಈ ಅಜ್ಜನಿಗೆ ಅಜ್ಜ. ಅಭಿಗಾಗಿ ನೀವು ಮಾಡಿಕೊಟ್ಟ ವಸ್ತು ನೂರಾ ಮೂವತ್ತು ವರ್ಷ ದಾಟಿ, ಆಟದ ಯಂತ್ರ ಮತ್ತು ಕೈಕೋಲಿನ ಜೊತೆಗೆ ನಮ್ಮ ಅಟ್ಟದ ಮೇಲಿತ್ತು. ಒಂದು ಅಡಿಯ ಪ್ಲಾಸ್ಟಿಕ್ ಸ್ಕೇಲು. ಅದರ ಎರಡೂ ತುದಿಗೆ ಕಡಲೆಕಾಳಿನ ಗಾತ್ರದ ಎರಡೆರಡು ಗಾಜಿನ ಮಣಿ, ನಡುವೆ ಬೆಸುಗೆ ಹಾಕಿದ ತಂತಿ, ಹಳೆಯ ಫೋನ್ ಚಾರ್ಜರಿನಿಂದ ಕತ್ತರಿಸಿದ ವೈರು. ಬೆನ್ನಿಗೆ ಇಂಕಿನಲ್ಲಿ 'ಅಭಿ' ಎಂಬ ಎರಡೇ ಅಕ್ಷರ. ಅಂಗಡಿಯಲ್ಲಿ ಸಿಗುವುದನ್ನು ಕೊಳ್ಳಲಾಗದೆ ನೀವೇ ಕೂತು ಮಾಡಿದಿರಂತೆ. ಬೆಸುಗೆ ಒಂದು ಕಡೆ ಉಂಡೆಯಾಗಿದೆ, ಆದರೆ ಬಿಟ್ಟಿಲ್ಲ.

ಈಗ ನಮ್ಮ ಕಾಲದ ಒಂದು ರೀತಿ ಹೇಳಬೇಕು. ನಿಮ್ಮ ನಂತರದ ಕಾಲವನ್ನು ನೋಟಗಾಲ ಎನ್ನುತ್ತಾರೆ. ಬಚ್ಚಲಿನಿಂದ ಹಿಡಿದು ಹೆರಿಗೆ ಕೋಣೆಯವರೆಗೆ ಪ್ರತಿಯೊಂದು ಕಡೆ ಯಂತ್ರದ ಕಣ್ಣು ಜನರನ್ನು ನೋಡುತ್ತಿದ್ದ ಕಾಲ ಅದು. ಕಡೆಗೆ ಜನ ರೋಸಿಹೋಗಿ ಆ ಕಣ್ಣುಗಳನ್ನು ಕಿತ್ತರು. ಅಂದಿನಿಂದ ಬಯಲುಕಾಲ. ಉಳಿದ ಹಳೆಯ ಯಂತ್ರಗಳಲ್ಲಿ ಮನುಷ್ಯರ ಕಡೆ ಮುಖ ಮಾಡಿದ ಗಾಜಿನ ಮಣಿ ಯಾವುದಿದ್ದರೂ, ಕಾಯಿಲೆಯವರ ಕೋಣೆಗೆ ತರುವ ಮೊದಲು ಅದಕ್ಕೆ ಕಣ್ಣುಬಟ್ಟೆ ಕಟ್ಟುತ್ತೇವೆ. ಹಾಸಿಗೆ ಹಿಡಿದವರನ್ನು ಯಂತ್ರ ನೋಡಬಾರದು. ಆ ಬಟ್ಟೆ ನೇಯುವುದೇ ನಮ್ಮ ಮನೆಯ ಕಸುಬು. ಸಾಂತವ್ವನ ಬಟ್ಟೆಯಲ್ಲಿ ಬೆಳಕಿನ ಒಂದು ಎಳೆಯೂ ತೂರುವುದಿಲ್ಲ ಎಂದು ಗದಗಿನ ಪೇಟೆಯಲ್ಲಿ ಹೆಸರಿದೆ. ಈ ಮಾತನ್ನು ಹೋದ ವರ್ಷದವರೆಗೂ ನಾನು ಜಂಬದಿಂದ ಹೇಳುತ್ತಿದ್ದೆ.

ಹೋದ ವರ್ಷ ಅಜ್ಜನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಮದ್ದು ಕೊಡುತ್ತಿದ್ದ ವೈದ್ಯೆ ಒಂದೇ ದಾರಿ ತೋರಿಸಿದಳು.

"ಕೈ ಸತ್ತಿಲ್ಲರಿ, ಮುನಿಸ್ಕೊಂಡು ಕುಂತೈತಿ. ಮನಸಿಗೆ ಹಿಡಿಸಿದ್ದೇನರ ಕೊಡ್ರಿ, ತಾನ ಏಳತೈತಿ. ನಾಕು ತಿಂಗಳ ದಾಟಿದ್ರ ಮಾತ್ರ ಕಷ್ಟ."

ಆಗ ಗಂಗತ್ತಿಗೆ, ಎಂದರೆ ಅಜ್ಜನ ಮಗಳಿಗೆ, ಅಟ್ಟದ ಪೆಟ್ಟಿಗೆ ನೆನಪಾಯಿತು. ಕೋಲನ್ನು ಕೈಯಲ್ಲಿ ಹಿಡಿದು ಬೀಸಿದರೆ ಪರದೆಯೊಳಗೆ ಚೆಂಡು ಉರುಳಿ ಹತ್ತು ಗೂಟ ಬೀಳಿಸುವ ಆಟ. ಚಿಕ್ಕಂದಿನಲ್ಲಿ ಅಭಿಯಜ್ಜ ನಮ್ಮಜ್ಜನಿಗೆ ಕಲಿಸಿದ್ದು, ನಮ್ಮಜ್ಜಿ ಇರುವವರೆಗೂ ಇಬ್ಬರೂ ಪೈಪೋಟಿಯಲ್ಲಿ ಆಡುತ್ತಿದ್ದರಂತೆ. ನಾನು ಮಾತ್ರ ಕಂಡವಳಲ್ಲ. ಪೆಟ್ಟಿಗೆ ಇಳಿಸಿದ ದಿನ ಅಜ್ಜನ ಮುಖ ಅರಳಿತು. ಪರದೆಯ ಕೆಳಗಿಟ್ಟ ಸ್ಕೇಲಿನ ನಾಲ್ಕು ಮಣಿಗಳು ನೇರವಾಗಿ ಹಾಸಿಗೆಯ ಕಡೆಗೇ ದಿಟ್ಟಿಸುತ್ತಿದ್ದವು. ನಾನು ನನ್ನ ಕೈಯಾರೆ ನೇಯ್ದ ಬಟ್ಟೆ ತಂದು ಅದಕ್ಕೆ ಸುತ್ತಿ ಕಟ್ಟಿದೆ.

ಯಂತ್ರಕ್ಕೆ ಜೀವ ಬಂತು. ಆದರೆ ಆಟ ಶುರುವಾಗಬೇಕಾದರೆ ಪರದೆಯ ಮೇಲೆ ಪುಟ್ಟದೊಂದು ಕೈಗುರುತು ಮೂಡಬೇಕು, ಅದನ್ನು ಕೋಲಿನಿಂದ ನಡೆಸಿ ಬಾಗಿಲಿನ ಚಿತ್ರದ ಮೇಲೆ ಕೂರಿಸಬೇಕು. ಕೈಗುರುತು ಮೂಡಲಿಲ್ಲ. ಕೋಲನ್ನು ಬಿಚ್ಚಿ ಒರೆಸಿದೆ, ಯಂತ್ರವನ್ನು ಬಿಚ್ಚಿ ಊದಿದೆ. ಬಟ್ಟೆಯ ತಂಟೆಗೆ ಮಾತ್ರ ಹೋಗಲಿಲ್ಲ.

ಅಜ್ಜ ಎಡಗೈ ಎತ್ತಿ ಸ್ಕೇಲಿನ ಕಡೆ ತೋರಿಸಿದರು. ಮತ್ತೆ ಮತ್ತೆ ತೋರಿಸಿದರು. ಗಂಟಲಿನಿಂದ ಗೊರಗೊರ ಸದ್ದು ಬಂತು. ಬಟ್ಟೆ ಎಲ್ಲೋ ಸಡಿಲವಾಗಿದೆ, ಅದು ತಮ್ಮನ್ನು ನೋಡುತ್ತಿದೆ ಎಂದು ಅವರಿಗೆ ಸಂಕಟವಾಗಿರಬೇಕು ಎಂದುಕೊಂಡೆ.

"ಆತಜ್ಜಾ, ಇನ್ನೊಂದು ಕಟ್ಟತೇನಿ. ಸಿಟ್ಟಾಗಬ್ಯಾಡ," ಎಂದೆ.

ಎರಡನೇ ಬಟ್ಟೆ ಕಟ್ಟಿದೆ. ಅಜ್ಜ ಕೈ ಇಳಿಸಿ ಕಣ್ಣು ಮುಚ್ಚಿಕೊಂಡರು. ಸಮಾಧಾನವಾಯಿತು ಎಂದು ತಿಳಿದೆ. ಮೂರು ದಿನ ಹೀಗೇ ನಡೆಯಿತು. ನಾಲ್ಕನೇ ದಿನ, "ಕೆಟ್ಟೈತಜ್ಜಾ, ಬಿಡು. ಇಷ್ಟು ವರ್ಷದ್ದು, ಅದರ ತಪ್ಪೇನೈತಿ," ಎಂದು ಹೇಳಿ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದೆ. ಅಜ್ಜ ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಯಾವುದಕ್ಕೂ ಆ ಬಲಗೈಯನ್ನು ಅಲುಗಿಸುವ ಮನಸ್ಸು ಮಾಡಲಿಲ್ಲ. ಲಕ್ವ ಹೊಡೆದ ಐದನೇ ತಿಂಗಳಲ್ಲಿ ಹೋದರು.

ಹತ್ತನೇ ದಿನ ಅವರಿಗೆ ಇಷ್ಟವಾದುದನ್ನೆಲ್ಲ ಎಡೆ ಇಡಬೇಕಲ್ಲ. ಜೋಳದ ರೊಟ್ಟಿ, ಎಣ್ಣಿಗಾಯಿ, ಮಾದಲಿ. ಇದೂ ಇರಲಿ ಎಂದು ಪೆಟ್ಟಿಗೆಯನ್ನು ಮತ್ತೆ ಇಳಿಸಿದೆ. ಸಾವಿನ ಮನೆಯಲ್ಲವೇ, ಸ್ಕೇಲಿನ ಬಟ್ಟೆಗಳನ್ನು ಬಿಚ್ಚಲಿಲ್ಲ. ತೋರಿಕೆಗೆಂದು ಯಂತ್ರ ಹಚ್ಚಿ, ಕೋಲಿನ ಗುಂಡಿ ಒತ್ತಿ, ಅದನ್ನು ಪರದೆಯ ಕಡೆ ಮುಖ ಮಾಡಿ ಮಣೆಯ ಮೇಲಿಟ್ಟೆ. ಗಂಗತ್ತಿ ಎರಡು ಎಣ್ಣೆದೀಪ ತಂದು, ಪರದೆಯ ಮುಂದೆ ಸ್ಕೇಲಿನ ಎರಡು ತುದಿಗೆ ಒಂದೊಂದು ಇಟ್ಟು ಹಚ್ಚಿದಳು.

ಪರದೆಯ ಮೇಲೆ ಕೈಗುರುತು ಮೂಡಿತು. ಮುದುಕರ ಕೈಯ ಹಾಗೆ ಸಣ್ಣಗೆ ನಡುಗುತ್ತಿತ್ತು.

ಗಂಗತ್ತಿ ಕೂತಲ್ಲೇ ಕೈಮುಗಿದಳು. "ಅಪ್ಪ ಬಂದಾನ ನೋಡ, ಸಾಂತಾ. ಆಡಾಕ ಬಂದಾನ."

ನನಗೂ ಒಂದು ಗಳಿಗೆ ಹಾಗೇ ಅನಿಸಿತು. ಅಷ್ಟಕ್ಕೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ದೀಪದ ಕುಡಿ ಅಲುಗಿದಾಗಲೇ ಗುರುತೂ ಅಲುಗುತ್ತಿತ್ತು. ಎರಡೂ ದೀಪಗಳಿಗೆ ಅಂಗೈ ಅಡ್ಡ ಹಿಡಿದೆ, ಗುರುತು ಹೋಯಿತು. ಕೈ ತೆಗೆದೆ, ಬಂತು. ದೀಪ ಆರಿಸಿ, ಸ್ಕೇಲಿನ ಎರಡೂ ಬಟ್ಟೆಗಳನ್ನು ಬಿಚ್ಚಿದೆ. ಮಣಿಗಳಲ್ಲಿ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಪರದೆಯ ಮೇಲೆ ಮಾತ್ರ ಕೈಗುರುತು ನಡುಗದೆ, ಅಲುಗದೆ, ನೆಟ್ಟಗೆ ನಿಂತಿತ್ತು.

ನೀವು ಮಾಡಿದ್ದು ಕಣ್ಣಲ್ಲ, ಮನುಷ್ಯರಿಗೆ ಕಾಣದ ಬೆಳಕಿನ ದೀಪ. ಆ ದೀಪವನ್ನು ನೋಡಿಕೊಂಡು ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುವ ಕಣ್ಣು ಕೋಲಿನ ತುದಿಯಲ್ಲಿತ್ತು, ಅಜ್ಜನ ಕೈಯಲ್ಲೇ ಇತ್ತು. ಅದಕ್ಕೆ ನಾನು ಬಟ್ಟೆ ಕಟ್ಟಿರಲೇ ಇಲ್ಲ. ಅಜ್ಜ ಬಿಚ್ಚು ಎಂದರು, ನಾನು ಇನ್ನೊಂದು ಕಟ್ಟಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನಿಮ್ಮ ಕಾಲದಲ್ಲೂ ಈ ಗಾದೆ ಇತ್ತೇನೋ. ಗಂಗತ್ತಿಗೆ ನಾನು ಇದನ್ನು ಹೇಳಿಲ್ಲ. ಅಪ್ಪ ಬಂದಿದ್ದ ಎಂದು ಅವಳು ಈಗಲೂ ಓಣಿಯ ತುಂಬ ಹೇಳುತ್ತಾಳೆ, ನಾನು ತಲೆ ತಗ್ಗಿಸಿ ಮಗ್ಗ ತುಳಿಯುತ್ತೇನೆ. ನನಗೆ ಬಹಳ ನೋವಾಗುತ್ತದೆ, ಹಿರಿಯರೇ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಸ್ಕೇಲನ್ನು ಬೆಸೆದು ಮುಗಿಸಿ, ಬೆನ್ನಿಗೆ ಮಗನ ಹೆಸರು ಬರೆಯುತ್ತೀರಲ್ಲ, ಆಗ ಪೆನ್ನನ್ನು ಕೆಳಗಿಡುವ ಮೊದಲು ಇನ್ನೊಂದು ಸಾಲು ಸೇರಿಸಿ. 'ಇದು ದೀಪ, ಮುಚ್ಚಬೇಡಿ' ಎಂದಿಷ್ಟು ಸಾಕು. ಜಾಗ ಬೇಕಾದಷ್ಟಿದೆ, ನಾನು ನೋಡಿದ್ದೇನೆ.

ನೀವು ಬರೆಯಲಾಗದಿದ್ದರೆ ನಾನೇ ಬರೆದಿಡುತ್ತೇನೆ. ಮುಂದಿನವರು ಓದಿಕೊಳ್ಳುತ್ತಾರೆ. ಓದಬೇಕಾಗಿದ್ದವಳು ಮಾತ್ರ, ಕೈಯಲ್ಲಿ ಎರಡನೇ ಬಟ್ಟೆ ಹಿಡಿದು, ಹೋದ ವರ್ಷದಲ್ಲೇ ನಿಂತಿದ್ದಾಳೆ.

ಸಾಂತವ್ವ