ತೊಟ್ಟಿಯಲ್ಲಿ ಎರಡನೆಯ ಸಿಗಡಿ

ಅಕ್ಕಾ,
ಕೆಮ್ಮು ಹೋಯಿತು, ಚಿಂತೆ ಬಿಡು. ಇಲ್ಲಿ ಸಮುದ್ರದಲ್ಲಿ ಬೆರಳುದ್ದದ ಸಿಗಡಿಯೊಂದು ಸಿಕ್ಕಿದೆ, ಯಾರೂ ಕಾಣದ ಹೊಸ ಜಾತಿ. ಅದರ ವರ್ಣನೆ ಬರೆಯುವುದು ನನ್ನ ಪಾಲಿಗೆ ಬಂದಿದೆ. ಬರೆಯಬೇಕಾದರೆ ಕೊಂದು, ಕಾಲು ಬಾಯಿ ಬಿಡಿಸಿ ನೋಡಬೇಕು. ಇದ್ದದ್ದು ಒಂದೇ, ನನಗೆ ಕೈ ಬರಲಿಲ್ಲ.

ಇಂದು ಬೆಳಿಗ್ಗೆ ನೋಡಿದರೆ ಪ್ರಯೋಗಾಲಯದ ತೊಟ್ಟಿಯಲ್ಲಿ ಎರಡಿದ್ದವು! ಮೇಲಧಿಕಾರಿ ಖುಷಿಯಿಂದ ಎಲ್ಲರಿಗೂ ಚಹಾ ತರಿಸಿದರು. "ಜೋಡಿ ಸಿಕ್ತಲ್ರೀ, ಇನ್ನೇನು ನೆಪ? ಸುಮ್ಮನೆ ಕೂತಿರೋ ಆ ಸಾಧೂನ ಕೊಯ್ಯಿರಿ" ಎಂದರು.

ಚಿಮುಟದಲ್ಲಿ ಎತ್ತಿದರೆ ಒಳಗೆ ಯಾರೂ ಇಲ್ಲ. ನಮ್ಮ ಸಿಗಡಿಯೇ ಪೊರೆ ಕಳಚಿತ್ತು. ಮೀಸೆ, ಕಾಲು, ಬಾಯಿ ಎಲ್ಲವೂ ಆ ಪೊರೆಯಲ್ಲಿ ಅಚ್ಚುಕಟ್ಟಾಗಿದ್ದವು.

"ಅಂಗಿ ನೋಡಿ ಆಸಾಮಿ ಎಂಥವನು ಅಂತ ಬರೀತೀರಾ?"

"ಬರೀತೀನಿ ಸಾರ್."

ಬರೆಯುತ್ತಿದ್ದೇನೆ. ಆಸಾಮಿ ಬರಿಮೈಯಲ್ಲಿ ಕಲ್ಲಿನ ಸಂದಿ ಸೇರಿದ್ದಾನೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ನಿನ್ನ ತಮ್ಮ