ಲೀನಾಳ ನೆತ್ತಿ

ಅತ್-ಬಾಶಿ,
ಡಿಸೆಂಬರ್ 3, 2021

ನನ್ನ ಕನಿಶಾಯ್,

ನೀನು, ಅಳಿಯ ಹೆನ್ನಿಂಗ್, ಪುಟ್ಟ ಲೀನಾ ಎಲ್ಲರೂ ಬೆಚ್ಚಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನಾದರೂ ಹರಿಯುವ ಮೊದಲು ಓದುತ್ತೀಯೇನೋ. ಅಪ್ಪ ತೀರಿಹೋದ ನಲವತ್ತನೆಯ ದಿನದ ಊಟ ಮುಗಿಯುವ ತನಕ ಪೆನ್ನು ಹಿಡಿಯಲಾಗಲಿಲ್ಲ. ತಡವಾಯಿತೆಂದು ಬೈಯಬೇಡ.

ಊಟಕ್ಕೆ ಕುದುರೆ ಕಡಿದೆವು, ಊರೆಲ್ಲ ಬಂದಿತ್ತು. ಮಗಳೆಲ್ಲಿ ಎಂದವರಿಗೆಲ್ಲ ವಿಮಾನ ಸಿಗಲಿಲ್ಲ ಎಂದೆ. ಪಕ್ಕದ ಮನೆ ಬುರುಲ್ ಸುಮ್ಮನಿರುವವಳೇ? "ನಲವತ್ತು ದಿನಾನೂ ಸಿಗಲಿಲ್ವಾ? ಕತ್ತೆ ಹತ್ತಿದ್ರೂ ಬಂದಿರ್ತಿದ್ಲು ಬಿಡು!" ಅಂದಳು. ಆಮೇಲೆ ನಾನು ಬಡಿಸಿದ ಕೆನೆ ಬಾಯಿಗಿಟ್ಟು, "ಥೂ, ಕೊಳೆತಿದೆಯಲ್ಲೇ! ಮೂಗನ್ನೂ ಗಂಡನ ಜೊತೆ ಹೂತುಬಿಟ್ಯಾ?" ಎಂದು ಬಟ್ಟಲು ದೂಡಿದಳು. ನಕ್ಕು ಬಟ್ಟಲು ಎತ್ತಿಟ್ಟೆ.

ಜೂನ್‌ನಲ್ಲಿ ಬಂದಾಗ ನೀನು ಮಗುವನ್ನು ನನ್ನ ಮಡಿಲಿಗಿಟ್ಟೆ. ನಮ್ಮ ಹಿರಿಯರೆಲ್ಲ ಮಾಡುವಂತೆ ನೆತ್ತಿಗೆ ಮೂಗು ಒತ್ತಿ ಮೂಸಿದೆ. ಮತ್ತೆ ಮೂಸಿದೆ. ಆಮೇಲೆ ತಟ್ಟನೆ ಮಗುವನ್ನು ನಿನ್ನ ಕೈಗೆ ಕೊಟ್ಟೆ. ನಿನ್ನ ಮುಖ ಬಿಳಿಚಿಕೊಂಡಿತು.

"ಅಮ್ಮನಿಗೆ ಸುಸ್ತಾಗಿರಬೇಕು, ಬಿಡು," ಅಂದ ಹೆನ್ನಿಂಗ್. ಪಾಪ, ಅವರಲ್ಲಿ ಮುತ್ತಿಟ್ಟರೆ ಮುಗಿಯಿತು, ಮೂಸುವುದರ ಅರ್ಥ ಅವನಿಗೇನು ಗೊತ್ತು! ನೀನು ಕುರಿದೊಡ್ಡಿಯಲ್ಲಿ ಬೆಳೆದವಳು. "ಬೇರೆ ಕುರಿಯ ಮರೀನ ತಾಯಿಕುರಿ ಮೂಸಿ ಒದೆಯುತ್ತಲ್ಲ, ಹಾಗೆ ಮಾಡಿದೆ ನೀನು. ನನ್ನ ಮಗು ನಿನಗೆ ಪರದೇಶಿ!" ಎಂದೆ ನೀನು. ಬೆಟ್ಟದ ಹುಲ್ಲುಗಾವಲಿನಲ್ಲಿದ್ದ ಅಪ್ಪ ಇಳಿದು ಬರುವಷ್ಟರಲ್ಲಿ ಹೊರಟೇ ಹೋದೆ. ಅವರು ಮೊಮ್ಮಗಳ ಮುಖ ಕಾಣಲಿಲ್ಲ.

ಹೆನ್ನಿಂಗ್‌ನನ್ನು ನಾನು ಎಂದಾದರೂ ಬೇಡವೆಂದೆನೇ? "ಅವನ ಪಕ್ಕ ಕೂತ್ರೆ ಮನೆಗೆ ಬಂದ ಹಾಗಾಗುತ್ತಮ್ಮ" ಎಂದಿದ್ದೆ ನೀನು. ನನಗದು ಅರ್ಥವಾಗಿತ್ತು. ನಾನೇನು ನಿನ್ನ ಅಪ್ಪನ ಮುಖ ನೋಡಿ ಒಪ್ಪಿದ್ದೇ? ಆ ಮುಖ ಯಾರಿಗೆ ಬೇಕಿತ್ತು! ಅವರ ಕೋಟಿನ ಹೊಗೆ, ಕುದುರೆಬೆವರಿನ ವಾಸನೆಗೆ ಮರುಳಾದವಳು ನಾನು. ಮದುವೆಯ ದಿನ ಹೆನ್ನಿಂಗ್ ಅಪ್ಪಿಕೊಂಡಾಗ ಅವನನ್ನೂ ಮೂಸಿದೆ. "ಜರ್ಮನಿಯೋನಾದ್ರೇನು, ಒಳ್ಳೆ ಮನುಷ್ಯನ ವಾಸನೆ ಇದೆ" ಎಂದು ಅಪ್ಪನಿಗೆ ಅಂದೇ ಹೇಳಿದ್ದೆ.

ನಿನ್ನ ಮನೆಯ ಒಲೆ ಆರದಿರಲಿ. ಲೀನಾ ನೂರು ಚಳಿಗಾಲ ಕಾಣಲಿ. ನನ್ನ ಮೇಲಿನ ಸಿಟ್ಟು ಆ ಕೂಸಿನವರೆಗೆ ಹೋಗದಿರಲಿ.

ನಿನ್ನ ಅಮ್ಮ,
ಉಮ್ಸುನಾಯ್

ತಾ.ಕ.: ನೀವು ಬರುವ ಮುಂಚಿನ ಚಳಿಗಾಲದ ಜ್ವರ ನನ್ನ ಮೂಗನ್ನು ಕೊಂಡುಹೋಗಿದೆ. ಮರಳಿ ಬಾರದು ಎಂದರು ಡಾಕ್ಟರು. ಲೀನಾಳ ನೆತ್ತಿಯಲ್ಲಿ ಏನೂ ಸಿಗಲಿಲ್ಲ ಮಗಳೇ, ಕಲ್ಲು ಮೂಸಿದ ಹಾಗಿತ್ತು. ಹೆದರಿ ಕೊಟ್ಟುಬಿಟ್ಟೆ. ಮೊಮ್ಮಗಳ ವಾಸನೆ ತಿಳಿಯದವಳು ಎಂಥ ಅಜ್ಜಿ ಎಂಬ ನಾಚಿಕೆಗೆ ಆಗ ಯಾರಿಗೂ ಹೇಳಲಿಲ್ಲ, ಅಪ್ಪನಿಗೂ. ಅವರು ಸಾಯುವ ದಿನವೂ "ಪಾಪು ನೆತ್ತಿ ಹೇಗಿತ್ತೇ ಮುದುಕಿ? ಇನ್ನೊಂದ್ಸಲ ಹೇಳು" ಎಂದರು. "ಹಾಲು, ಬಿಸಿಲಿಗೆ ಒಣಗಿದ ಹುಲ್ಲು" ಎಂದೆ. ಅದು ನಿನ್ನ ಎಳೆತನದ ವಾಸನೆ. ನಂಬಿ ಕಣ್ಣು ಮುಚ್ಚಿದರು.

ಲೀನಾಳ ಒಂದು ಅಂಗಿಯನ್ನು ಒಗೆಯದೆ ಕಳಿಸು. ಬುರುಲಳಿಗೆ ಈಗ ಎಲ್ಲ ಹೇಳಿದ್ದೇನೆ, ಅವಳು ಮೂಸಿ ಹೇಳುತ್ತಾಳೆ. ನಾನು ಅಪ್ಪನಿಗೆ ಹೇಳಿದ್ದು ಸುಳ್ಳೋ ನಿಜವೋ, ಅಷ್ಟಾದರೂ ತಿಳಿಯಲಿ.