ಬೀಪ್ ಆದಮೇಲೂ

ಮೆಂಫಿಸ್, ಮಾರ್ಚ್ ೧೪, ೨೦೧೯, ಗುರುವಾರ

ನನ್ನ ತಮ್ಮ ಲವೆಲ್ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಸದ್ಯ, ನಿಜವಾಗಿಯೂ ಮನೆಯಲ್ಲಿದ್ದಾನೆ.

ಅಂಗೈಯಗಲದ ಕೊಕೇನ್ ಪೊಟ್ಟಣಕ್ಕೆ ಇಪ್ಪತ್ತು ವರ್ಷ ಜೈಲು! "ನನಗೂ ಇದು ಹೆಚ್ಚೇ ಅನ್ನಿಸುತ್ತದೆ, ಆದರೆ ಇದಕ್ಕಿಂತ ಕಡಿಮೆ ಕೊಡಲು ಕಾನೂನು ಬಿಡುವುದಿಲ್ಲ" ಅಂದಿದ್ದರು ಆ ಜಡ್ಜ್. ನೆನೆದರೆ ಈಗಲೂ ಮೈ ಉರಿಯುತ್ತದೆ. ಈಗ ಕಾನೂನು ಬದಲಾಯಿತಂತೆ, ಬಿಟ್ಟರು. ತಪ್ಪಾಯಿತು ಅಂತ ಒಬ್ಬರೂ ಅನ್ನಲಿಲ್ಲ. ಹೋಗಲಿ, ಬಂದನಲ್ಲ.

ಸಂಜೆ ಊಟಕ್ಕೆ ಕೂತಾಗ ನಾನು ಒಂದೇ ಉಸಿರಿಗೆ ಊರ ಸುದ್ದಿಯೆಲ್ಲ ಒದರುತ್ತಿದ್ದೆ.

"ನಿಧಾನ ಕಣೇ ಅಕ್ಕ, ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ?" ಅಂದ.

ಏನು ಮಾಡಲಿ? ಜೈಲಿನ ಫೋನು ಕಾಲು ಗಂಟೆಗೆ ಕಟ್ಟಾಗುತ್ತಿತ್ತು. ಅದಕ್ಕೆ ಮುಂಚೆ ಒಂದು ಬೀಪ್. ಇಷ್ಟು ವರ್ಷ ಹಾಗೇ ಮಾತಾಡಿ ಅಭ್ಯಾಸ.

ಅಷ್ಟರಲ್ಲಿ ಮೆಕ್ಕೆಜೋಳದ ಬ್ರೆಡ್ಡು ಬೆಂದು ಓವನ್ ಬೀಪ್ ಅಂತು.

"ಹುಷಾರಾಗಿರೋ, ಸರಿಯಾಗಿ ತಿನ್ನು, ಇಡ್ತೀನಿ!" ಅಂದೆ ನಾನು.

"ಅಳಬೇಡ ಅಕ್ಕ, ಬೈ!" ಅಂದ ಅವನು.

ಒಂದೇ ಮೇಜಿಗೆ ಎದುರುಬದುರು ಕೂತು! ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಬ್ರೆಡ್ಡು ತಳ ಸೀದಿತ್ತು, ಸೀದರೆ ಸೀಯಲಿ. ಬೈ ಅಂದವನು ಅಲ್ಲೇ ಕೂತಿದ್ದ, ಬೆಣ್ಣೆ ಕೊಡು ಅಂತ ಕೈ ಚಾಚಿಕೊಂಡು.